ಹಳದಿ ಟ್ಯಾಂಕಿನ ಮೇಲಿನ ಬೂದು ಬಣ್ಣ

ಗುರುವಾರ, ಸಂಜೆ

ನನ್ನ ಹಟಮಾರಿ ತಂಗಿಗೆ ಅಕ್ಕನ ಪ್ರೀತಿ.

ಫೋನ್ ಮಾಡಿದ್ದರೆ ನೀನು ಅರ್ಧಕ್ಕೇ ಕಟ್ ಮಾಡುತ್ತಿದ್ದೆ. "ಅಕ್ಕ, ನಿಂಗೆ ಅವರನ್ನ ಕಂಡ್ರೆ ಮೊದಲಿಂದ್ಲೂ ಆಗಲ್ಲ" ಅನ್ನುವ ಮಾತು ನಿನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೌದಮ್ಮ, ಆಗುವುದಿಲ್ಲ. ಅದಕ್ಕೇ ಈ ಕಾಗದ. ಕಾಗದವನ್ನು ಬೇಕಾದರೆ ಹರಿದು ಹಾಕು, ಮಧ್ಯೆ ಬಾಯಿ ಹಾಕುವುದಕ್ಕಂತೂ ಆಗದು. ನಮ್ಮ ಅಂಗಡಿಯ ಯಜಮಾನಿ ನಾಳೆ ನಿನ್ನ ಕಡೆಗೇ ಹೊರಟಿದ್ದಾರೆ, ಹಾಸ್ಟೆಲಿಗೆ ಬಂದು ನಿನ್ನ ಕೈಗೇ ಕೊಡುತ್ತಾರೆ. ಲಕೋಟೆಯಲ್ಲಿ ಒಂದು ರಬ್ಬರ್ ಚೂರಿದೆ. ಓದಿ ಮುಗಿಸುವವರೆಗೆ ಅದನ್ನು ಕಸದ ಬುಟ್ಟಿಗೆ ಎಸೆಯಬೇಡ.

ನಿನ್ನ ಪತ್ರ ನಿನ್ನೆ ಬಂತು. ನಿನ್ನ ಗಂಡ ಬದಲಾಗಿಬಿಟ್ಟಿದ್ದಾನಂತೆ. ಆ ಹಳದಿ ಬೈಕನ್ನೇ ಮಾರಿ, ಯಾವುದೋ ಹಳೆಯ ಬೂದು ಬಣ್ಣದ ಬೈಕು ಕೊಂಡಿದ್ದಾನಂತೆ. ಭಾನುವಾರ ಅದರಲ್ಲೇ ಬಂದು ನಿನ್ನನ್ನು ಮನೆಗೆ ಕರೆದುಕೊಂಡು ಹೋಗುತ್ತಾನಂತೆ. ಪ್ರಾಣದ ಹಾಗಿದ್ದ ಬೈಕನ್ನೇ ನನಗೋಸ್ಕರ ಬಿಟ್ಟವರು ಇನ್ನು ಕೈ ಎತ್ತುತ್ತಾರಾ ಎಂದು ನನ್ನನ್ನೇ ಕೇಳಿದ್ದೀ. ಅದನ್ನು ಓದುವಾಗ ಊಟಕ್ಕೆ ಕೂತಿದ್ದೆ. ಅರ್ಧಕ್ಕೇ ಎದ್ದು ಕೈ ತೊಳೆದುಬಿಟ್ಟೆ.

ಯಾಕೆಂದರೆ ಆ ಬೂದು ಬಣ್ಣ ಹೊಡೆದವಳು ನಾನು.

ನಾನು ಹಳೆಯ ಕೆಲಸ ಬಿಟ್ಟು ಈ ಪೇಂಟ್ ಅಂಗಡಿ ಸೇರಿದ್ದು ಅವನಿಗೆ ಗೊತ್ತಿಲ್ಲ. ಹೋದ ವಾರ ಅವನು ಮುಂದಿನ ಕೌಂಟರಿನಲ್ಲಿ ಯಜಮಾನಿಯ ಜೊತೆ ಮಾತಾಡಿ, ಬೈಕು ಬಿಟ್ಟು ಹೋಗಿದ್ದಾನೆ. ನಾನು ಹಿಂದಿನ ಕೋಣೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಇನ್ಯಾರದೋ ಬೈಕಿಗೆ ಬಣ್ಣ ಹೊಡೆಯುತ್ತಿದ್ದೆ. ನಮ್ಮಲ್ಲಿ ಎರಡು ಥರ ಕೆಲಸ ಮಾಡುತ್ತೇವೆ. ಒಂದು, ಹಳೆಯ ಬಣ್ಣವನ್ನು ಉಜ್ಜಿ ತೆಗೆದು ಹೊಸದು ಹೊಡೆಯುವುದು. ಅದು ಶಾಶ್ವತ. ಇನ್ನೊಂದು ರಬ್ಬರ್ ಕೋಟಿಂಗ್. ಅದರಲ್ಲಿ ಹಳೆಯ ಬಣ್ಣವನ್ನು ಮುಟ್ಟುವುದೇ ಇಲ್ಲ. ಗಾಡಿಯನ್ನು ತೊಳೆದು ಒರೆಸಿ, ಅದರ ಮೇಲೆಯೇ ಒಂದು ಕೋಟು ಒಣಗಿದ ಮೇಲೆ ಇನ್ನೊಂದು ಕೋಟು ಎಂದು ದಪ್ಪಗೆ ಸ್ಪ್ರೇ ಮಾಡುತ್ತೇವೆ. ಸಾಕು ಅನ್ನಿಸಿದ ದಿನ ಒಂದು ಮೂಲೆ ಹಿಡಿದು ಎಳೆದರೆ ಕೈಗವಸು ಕಳಚಿದ ಹಾಗೆ ಪೂರ್ತಿ ಎದ್ದು ಬರುತ್ತದೆ, ಅಡಿಯ ಬಣ್ಣ ಇದ್ದಂತೆಯೇ ಇರುತ್ತದೆ. ನಿನ್ನ ಗಂಡ ಕೇಳಿದ್ದು ಇದನ್ನು.

ಟ್ಯಾಂಕ್ ಒರೆಸುವಾಗ ಬಟ್ಟೆ ಒಂದು ಗೀರಿಗೆ ಸಿಕ್ಕಿಕೊಂಡಿತು. ಎಡಗಡೆ, ಸೀಟಿನ ಹತ್ತಿರ, ಕುಡುಗೋಲಿನ ಹಾಗೆ ಬಾಗಿದ ಗೀರು. ನೋಡಿದ ಕೂಡಲೇ ಯಾರ ಗಾಡಿ ಎಂದು ಗುರುತು ಹಿಡಿದೆ. ನೀನು ಗಾಡಿಯಿಂದ ಇಳಿಯುವಾಗ ಕೈಚೀಲದ ಜಿಪ್ ತಾಗಿ ಬಿದ್ದ ಗೀರು ಅದು. ಅವತ್ತು ಅವನು ಬೀದಿಯಲ್ಲಿ ಒಂದು ಮಾತೂ ಆಡಲಿಲ್ಲ ಎಂದು ನೀನೇ ಹೇಳಿದ್ದೆ. ಒಳಗೆ ಕರೆದುಕೊಂಡು ಹೋಗಿ, ನಿನ್ನ ಮಣಿಕಟ್ಟನ್ನು ಬಾಗಿಲ ಚೌಕಟ್ಟಿಗೆ ಒತ್ತಿಹಿಡಿದು ಬಾಗಿಲು ಬಡಿದ. ಮೂಳೆ ಮುರಿದ ಸದ್ದು ಕೇಳಿದ ಮೇಲೂ ಇನ್ನೊಂದು ಸಲ ಬಡಿದ. ಡಾಕ್ಟರ ಎದುರು ನೀನು ಬಚ್ಚಲಲ್ಲಿ ಜಾರಿ ಬಿದ್ದೆ ಅಂದೆ, ನಾನು ಪಕ್ಕದಲ್ಲೇ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಆ ಮಹಾರಾಯ ಅಂಗಳದಲ್ಲಿ ಕೂತು ಮೆತ್ತನೆಯ ಬಟ್ಟೆಯಿಂದ ಟ್ಯಾಂಕ್ ಒರೆಸುತ್ತಿದ್ದ.

ಗಾಡಿಯವನು ಏನಂದ ಎಂದು ಯಜಮಾನಿಯನ್ನು ಕೇಳಿದೆ. ಅವರಿಗೆ ಪಾಪ ಏನೂ ಗೊತ್ತಿಲ್ಲ, ಎಂಥ ಒಳ್ಳೆ ಗಂಡ ನೋಡು ಅನ್ನುವ ಹಾಗೆ ನಗುನಗುತ್ತ ಹೇಳಿದರು: "ಹಳದಿಗೆ ಒಂಚೂರೂ ಏನೂ ಆಗ್ಬಾರ್ದು, ಒಂದು ತಿಂಗಳು ನಿಂತ್ರೆ ಸಾಕು, ಹೆಂಡ್ತಿ ಮನೆ ಸೇರ್ಕೊಳ್ಳಲಿ, ಆಮೇಲೆ ನಾನೇ ಕಿತ್ತು ಹಾಕ್ತೀನಿ ಅಂದ ಕಣೆ." ನೀನಂತೂ ಅವನನ್ನು ಬಿಟ್ಟು ಹಾಸ್ಟೆಲ್ ಸೇರಿದ್ದೀ, ಇನ್ನೊಬ್ಬಳು ಯಾರೋ ಬಲೆಗೆ ಬಿದ್ದಳಲ್ಲ, ಅವಳ ಗ್ರಹಚಾರ ಎಂದುಕೊಂಡು ಬಣ್ಣ ಹೊಡೆದೆ. ಆ ಇನ್ನೊಬ್ಬಳೂ ನೀನೇ ಎಂದು ನಿನ್ನೆ ನಿನ್ನ ಪತ್ರ ಬಂದ ಮೇಲೆ ತಿಳಿಯಿತು. ನಿನ್ನ ಬುದ್ಧಿಗೆ ಏನು ಹೇಳಲಿ, ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಇವತ್ತು ಮಧ್ಯಾಹ್ನ ಅವನು ಗಾಡಿ ತೆಗೆದುಕೊಂಡು ಹೋಗಲು ಬಂದ. ನಾನು ಮಾಸ್ಕ್ ತೆಗೆದು ಹೊರಗೆ ಬಂದೆ. ಮುಖ ನೋಡಿ ಒಂದು ಗಳಿಗೆ ಬಿಳಿಚಿಕೊಂಡ, ಆಮೇಲೆ ಹಲ್ಲು ಕಿರಿದು "ಓ ಅತ್ತಿಗೆ, ನೀವಿಲ್ಲಿ" ಅಂದ. ಟ್ಯಾಂಕಿನ ಅಡಿಗೆ ಉಗುರು ಹಾಕಿ ಒಂದು ಅಂಚು ಎಬ್ಬಿಸಿ ಬರ್ರನೆ ಎಳೆದೆ. ಒಂದೇ ಎಳೆತಕ್ಕೆ ಅರ್ಧ ಟ್ಯಾಂಕ್ ಬೆತ್ತಲೆಯಾಗಿ ಹಳದಿ ಈಚೆ ಬಂತು. ಆಗ ಅವನು ಏನೆಂದು ಕೂಗಿದ ಗೊತ್ತಾ? "ಮೆಲ್ಲಗೆ, ಮೆಲ್ಲಗೆ, ಉಗುರು ತಾಗಿ ಗೀರು ಬೀಳುತ್ತೆ."

ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು ಕಣೆ. ಕಪಾಟಿನಲ್ಲಿದ್ದ ಸುತ್ತಿಗೆ ಹೇಗೆ ಕೈಗೆ ಬಂತೋ ತಿಳಿಯದು. ಗೀರು ಬೇಡವಾ, ತಗೋ ಎಂದು ಟ್ಯಾಂಕಿಗೆ ಬಾರಿಸಿದೆ. ಟ್ಯಾಂಕ್ ತಗ್ಗಾಯಿತು. ಹೆಡ್‌ಲೈಟ್ ಪುಡಿಯಾಗಿ ಗಾಜು ನನ್ನ ಕಾಲ ಮೇಲೇ ಸುರಿಯಿತು. ಕನ್ನಡಿಗಳೆರಡನ್ನೂ ಹಾರಿಸಿದೆ. ಕೊನೆಗೆ ಒದ್ದು ಗಾಡಿಯನ್ನೇ ಕೆಡವಿದೆ, ಪೆಟ್ರೋಲು ನೆಲದ ತುಂಬ ಹರಿಯಿತು. ಕಡ್ಡಿ ಗೀರದೆ ಬಿಟ್ಟದ್ದು ಯಜಮಾನಿಯ ಅಂಗಡಿ ಎಂಬ ಒಂದೇ ಕಾರಣಕ್ಕೆ. ನಿನ್ನ ಮೂಳೆ ಮುರಿದಾಗ ಬಾರದ ನೀರು ಆ ತಗಡು ತಗ್ಗಾದಾಗ ಅವನ ಕಣ್ಣಲ್ಲಿ ಬಂತು. ಅದನ್ನು ನೋಡಿ ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ಎಳೆದಾಟವಾಯಿತು, ಪಕ್ಕದ ವೆಲ್ಡಿಂಗ್ ಅಂಗಡಿಯವರು ಬಂದು ಅವನನ್ನು ಹೊರಗೆ ದಬ್ಬಿದರು. ನನಗೆ ಅಲ್ಲಿಲ್ಲಿ ತರಚಿದೆ ಅಷ್ಟೆ, ಗಾಬರಿಯಾಗಬೇಡ.

ಈಗ ಆ ರಬ್ಬರ್ ಚೂರನ್ನು ಕೈಗೆ ತೆಗೆದುಕೋ. ಹೊರಗಿನ ಮಗ್ಗುಲು ಬೂದು, ನುಣುಪು. ತಿರುಗಿಸಿ ಒಳಮಗ್ಗುಲಿನ ಮೇಲೆ ಬೆರಳಾಡಿಸು. ಈ ಕೋಟಿಂಗ್ ಅಡಿಯಲ್ಲಿ ಏನಿದೆಯೋ ಅದರ ಅಚ್ಚು ಹಿಡಿದುಬಿಡುತ್ತದೆ. ಬಾಗಿದ ಒಂದು ಏಣು ಬೆರಳಿಗೆ ಸಿಗುತ್ತದೆಯಲ್ಲ, ಅದು ನಿನ್ನ ಕೈಚೀಲದ ಗೀರು. ಅವನು ಮಾರಿದೆ ಎಂದು ಹೇಳಿದ ಬೈಕು ಇದೇ.

ಅವನು ಇನ್ನು ನಿನ್ನ ಹತ್ತಿರ ಬಂದು ಅಳುತ್ತಾನೆ. ನಿನ್ನ ಅಕ್ಕನಿಗೆ ಹುಚ್ಚು ಹಿಡಿದಿದೆ ಅನ್ನುತ್ತಾನೆ. ನೀನು ಕರಗುತ್ತೀ, ನನಗೆ ಗೊತ್ತು, ನಿನ್ನ ಕರುಳೇ ಅಂಥದ್ದು. ಭಾನುವಾರ ಬಾಗಿಲು ತೆರೆಯಬೇಡ. ಬಟ್ಟೆಬರೆ ಕಟ್ಟಿಕೊಂಡು ಯಜಮಾನಿಯ ಜೊತೆಗೇ ಹೊರಟು ಬಾ. ನನ್ನ ಕೋಣೆ ಚಿಕ್ಕದು, ನನ್ನ ಗೊರಕೆ ದೊಡ್ಡದು, ಹೇಗೋ ಹೊಂದಿಕೊಂಡರಾಯಿತು.

ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ
ಅಕ್ಕ

ತಾ.ಕ.: ಅಕ್ಷರ ನನ್ನದಲ್ಲ ಎಂದು ನಿನಗೆ ಆಗಲೇ ಅನುಮಾನ ಬಂದಿರಬೇಕು. ಆಸ್ಪತ್ರೆಯ ಮಂಚದ ಮೇಲಿಂದ ನಾನು ಹೇಳುತ್ತಿದ್ದೇನೆ, ಯಜಮಾನಿ ಬರೆಯುತ್ತಿದ್ದಾರೆ. ನನ್ನ ಕಣ್ಣುಗಳು ಬಾತು ಮುಚ್ಚಿಹೋಗಿವೆ. ತರಚಿದೆ ಅಷ್ಟೆ ಎಂದು ನಾನು ಹೇಳಿಸಿದಾಗ ಅವರು ಪೆನ್ನು ಕೆಳಗಿಟ್ಟುಬಿಟ್ಟರು, ನಿಜವನ್ನೂ ಬರೆಸಿದರೆ ಮಾತ್ರ ಕಾಗದ ತಲುಪಿಸುತ್ತೇನೆ ಎಂದು ಹಟ ಹಿಡಿದರು. ಆಯಿತು, ಕೇಳು. ವೆಲ್ಡಿಂಗ್‌ನವರು ಬರುವಷ್ಟರಲ್ಲಿ ಅವನು ನನ್ನ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಬಡಿಯುತ್ತಿದ್ದ. ಒಂದೊಂದು ಸಲ ಬಡಿಯುವಾಗಲೂ ಒಂದು ಹೆಸರು ಹಿಡಿದು ಬೈಯುತ್ತಿದ್ದ. ನನಗೆ ಆಗ ಪ್ರಜ್ಞೆ ಇರಲಿಲ್ಲ, ಯಜಮಾನಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾರೆ. ಅದು ನಿನ್ನ ಹೆಸರು ಕಣೆ.