ಟಾಮ್‌ಕ್ಯಾಟ್ ತೆಗೆಯದೆ ಜೆಟ್ಟಿ ತಂದ ಅಜ್ಜಿಗೆ

ಫೆಬ್ರವರಿ ೩೦, ೨೨೬೧

ನಾಗವೇಣಿ ಅಜ್ಜಿಯವರಿಗೆ, ನಿಮ್ಮ ವಂಶದ ಒಂಬತ್ತನೇ ತಲೆಮಾರಿನ ಬಸವಂತನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮಗಿನ್ನೂ ಮದುವೆಯೇ ಆಗಿಲ್ಲ, ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ಈ ಕಾಗದ ಹಿಂಟಪಾಲಿನಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬಂದಿದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅದು ಸಿಗುವುದು. ಜನ ತೀರಿಹೋದ ತಾಯಿಗೆ ಬರೆಯುತ್ತಾರೆ, ನಾನು ನಿಮ್ಮ ಜಾವಾ ಪ್ರೋಗ್ರಾಮಿನ ಬಗ್ಗೆ ಬರೆಯುತ್ತಿದ್ದೇನೆ. ಎಂಥ ಕರ್ಮ ನೋಡಿ!

ನೀವು ಈ ವಾರ ತಿದ್ದುತ್ತಿರುವ ‘ನೀರಗಂಟಿ’ ಎಂಬ ಪ್ರೋಗ್ರಾಂ ಇವತ್ತಿಗೂ ನಮ್ಮೂರಿಗೆ ನೀರು ಬಿಡುತ್ತಿದೆ. ಬೆಳಗಾದರೆ ಪ್ರತಿ ಮನೆಯ ನಲ್ಲಿಯೂ ಅದಕ್ಕೆ ಅರ್ಜಿ ಕಳಿಸುತ್ತದೆ. ನಾವದನ್ನು ನಲ್ಲಿಗೂಗು ಎನ್ನುತ್ತೇವೆ. ಆ ಕೂಗುಗಳನ್ನು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವುದು ಪ್ರೋಗ್ರಾಮಿನ ಒಳಗೇ ಕೂತಿರುವ ವೆಬ್ ಸರ್ವರ್. ಮೊದಲು ಆ ಜಾಗದಲ್ಲಿ ಟಾಮ್‌ಕ್ಯಾಟ್ ಇತ್ತು. ನೀವು ಜೆಟ್ಟಿ ಎಂಬ ಇನ್ನೊಂದು ಸರ್ವರ್ ತಂದು ಸೇರಿಸಿದಿರಿ, ‘ಇನ್ನು ಮುಂದೆ ಜೆಟ್ಟಿ’ ಎಂದು ಕೋಡಿನ ತಲೆಯ ಮೇಲೆ ಬರೆದಿರಿ, ಮನೆಗೆ ಹೋದಿರಿ. ಟಾಮ್‌ಕ್ಯಾಟನ್ನು ಹೊರಗೆ ಹಾಕುವ ಸಾಲನ್ನು ಮಾತ್ರ ಬರೆಯಲೇ ಇಲ್ಲ. ಒಂದೇ ಒರೆಯಲ್ಲಿ ಎರಡು ಕತ್ತಿ! ಎರಡೂ ಇದ್ದಾಗ ಟಾಮ್‌ಕ್ಯಾಟ್ ಎದ್ದು ಕೆಲಸಕ್ಕೆ ನಿಲ್ಲುತ್ತದೆ, ಜೆಟ್ಟಿ ಸುಮ್ಮನೆ ಮಲಗಿರುತ್ತದೆ.

ನಿಮ್ಮ ಮಾತು ನಂಬಿ ನಾವು ಮಾಡಿದ್ದು ಕೇಳಿ. ಊರು ಬೆಳೆಯಿತು, ಕೂಗು ಹೆಚ್ಚಿತು. ಒಮ್ಮೆಗೆ ಎಷ್ಟು ಕೂಗು ವಿಚಾರಿಸಬೇಕೆಂಬ ಅಂಕಿಯನ್ನು ಏರಿಸುತ್ತ ಹೋದೆವು, ಅದೂ ಜೆಟ್ಟಿಯ ಹೆಸರಿನಲ್ಲಿ! ಹೊಸ ಮೇಲ್ವಿಚಾರಕ ಬಂದಾಗ ಆ ಅಂಕಿ ಏರಿಸುವುದೇ ಈಗ ಊರಿಗೊಂದು ಹಬ್ಬ. ಪರದೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಹೋಳಿಗೆ ಊಟ ಹಾಕಿಸುತ್ತಾರೆ. ಮೇಲ್ವಿಚಾರಕನಾದಾಗ ನಾನೂ ಏರಿಸಿದೆ, ನಾನೂ ಉಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೇ ಬಂತು. ಪಾಪ, ಟಾಮ್‌ಕ್ಯಾಟಿನ ತಪ್ಪೇನಿಲ್ಲ. ಏರಿಸಿದ ಅಂಕಿಯನ್ನು ಅದಕ್ಕೆ ಯಾರೂ ಹೇಳಿಯೇ ಇಲ್ಲ.

ಪೆಟ್ಟು ಬಿದ್ದದ್ದು ಕಡೇ ಬೀದಿಗೆ. ಅದು ಎಲ್ಲಕ್ಕಿಂತ ದೂರ. ಅಲ್ಲಿನ ಕೂಗು ಕೊನೆಗೆ ಬಂದು, ಬಾಗಿಲಲ್ಲಿ ಕಾದು ಕಾದು ಸಾಯುತ್ತದೆ. ಮೊದಲು ಆ ನಲ್ಲಿಗಳಿಗೆ ಶಾಪವಿದೆ ಎಂದರು, ಆಮೇಲೆ ಆ ಜನರಿಗೇ ಶಾಪವಿದೆ ಎಂದರು. ನನ್ನ ಮಗಳು ಚಂಪಾವತಿ ಆ ಬೀದಿಯ ಸೊಸೆ. “ಅಪ್ಪಾ, ನೀರು ಬರತೈತಿ ಅಂತ ಹೇಳಿ ಹೇಳಿ ನಿನ್ನ ನಾಲಿಗಿ ಒಣಗೇತಿ, ನಮ್ಮ ನಲ್ಲಿನೂ ಒಣಗೇತಿ” ಎಂದಳು ಆಕೆ. ಈಗ ನಗರಸಭೆ ಆ ಬೀದಿಯನ್ನೇ ಖಾಲಿ ಮಾಡಿಸುತ್ತಿದೆ. ನಾಳೆ ಗಾಡಿಗಳು ಬಂದು ಎಲ್ಲರನ್ನೂ ಉಪ್ಪುಬಯಲಿಗೆ ಒಯ್ಯುತ್ತವೆ. ಅಲ್ಲಿಗೆ ಹೋದವರು ಮರಳಿ ಬಂದದ್ದನ್ನು ನಾನು ಕಂಡಿಲ್ಲ.

ಮೊನ್ನೆ ಯಂತ್ರ ನಿಂತು ಮತ್ತೆ ಶುರುವಾದಾಗ ಪರದೆಯ ಮೇಲೆ ಹರಿದುಹೋದ ಸಾಲುಗಳನ್ನು, ಬೇರೆ ಕೆಲಸವಿಲ್ಲದೆ, ಓದುತ್ತ ಕೂತಿದ್ದೆ. ‘ಟಾಮ್‌ಕ್ಯಾಟ್ ಶುರುವಾಯಿತು’ ಎಂದಿತ್ತು. ಇಷ್ಟು ತಲೆಮಾರಿನಲ್ಲಿ ಒಬ್ಬರಾದರೂ ಓದಬಾರದೇ! ನಾನೇ ತಿದ್ದೋಣವೆಂದರೆ ಯಂತ್ರಕ್ಕೆ ಮುದ್ರೆ ಬಿದ್ದಿದೆ: ಜೆಟ್ಟಿಯ ಆ ಒಂದು ಅಂಕಿ ಬಿಟ್ಟು ಬೇರೆ ಯಾವ ಅಕ್ಷರಕ್ಕೂ ಕೈ ಹಚ್ಚುವಂತಿಲ್ಲ. ಸಭೆಯಲ್ಲಿ ಹೇಳಿದೆ. ಜೆಟ್ಟಿ ಅಂತ ಅಜ್ಜಿಯೇ ಬರೆದಿದ್ದಾಳೆ, ನೀನು ಆಕೆಗಿಂತ ಬಲ್ಲವನೋ ಎಂದು ಬಾಯಿ ಮುಚ್ಚಿಸಿದರು. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆದ್ದರಿಂದ ಇವತ್ತೇ ಆ ಸಾಲು ಬರೆದು ಟಾಮ್‌ಕ್ಯಾಟನ್ನು ಹೊರಗೆ ಹಾಕಿ. ಆಮೇಲೆ ಪ್ರೋಗ್ರಾಂ ಶುರು ಮಾಡಿ, ಎದ್ದವರು ಯಾರೆಂದು ನಿಮ್ಮ ಕಣ್ಣಾರೆ ನೋಡಿ.

ಬೀದಿಯವರೆಲ್ಲ ಗಂಟುಮೂಟೆ ಕಟ್ಟಿದ್ದಾರೆ. ಚಂಪಾ ಕಟ್ಟಿಲ್ಲ. ನಲ್ಲಿ ಪೂರ್ತಿ ತಿರುಗಿಸಿ, ಕೆಳಗೆ ಕೊಡ ಇಟ್ಟುಕೊಂಡು ಕೂತಿದ್ದಾಳೆ. ಅಜ್ಜಿಗೆ ಕಾಗದ ಹಾಕುತ್ತಿದ್ದೇನೆ ಎಂದೆ. “ಅಕಿ ಓದತಾಳೇನು?” ಎಂದು ಕೇಳಿದಳು. ಓದುತ್ತಾಳೆ ಎಂದುಬಿಟ್ಟಿದ್ದೇನೆ.