ಒಂದೇ ಕನೆಕ್ಷನ್ನು, ಮಧ್ಯಾಹ್ನದ ಬಸ್ಸು

ಮಾರ್ಚ್ 8, 1999, ಸೋಮವಾರ

ಬೆಳಗಿನ ಹಾಲು ಬಂತು, ಕಂಪ್ಯೂಟರು ನಿಂತಿತು. ಇವತ್ತೂ. ಕೆ.ಆರ್. ಪೇಟೆಯ ಈ ಹಾಲಿನ ಕೇಂದ್ರದಲ್ಲಿ ಇರುವುದೇ ಮೂರು ಕಂಪ್ಯೂಟರು, ಲೆಕ್ಕವೆಲ್ಲ ಇರುವ ಡೇಟಾಬೇಸಿಗೆ ಲೈಸೆನ್ಸು ಒಮ್ಮೆಗೆ ಎಂಟೇ ಕನೆಕ್ಷನ್ನಿಗೆ. ತೂಕದ ಪರದೆ ಒಂದು ತೆರೆಯುತ್ತೆ, ಫ್ಯಾಟ್ ಪರೀಕ್ಷೆಯದು ಇನ್ನೊಂದು, ಚೀಟಿಯದು ಮತ್ತೊಂದು. ಒಂಬತ್ತನೆಯದು ಕೇಳಿದ ಕೂಡಲೇ ಎಲ್ಲಕ್ಕೂ ಗರ ಬಡಿದ ಹಾಗೆ. ಪ್ರೋಗ್ರಾಮ್ ಬರೆದವಳು ನಾನೇ, ಬೈಯುವುದು ಯಾರನ್ನು?

ಅಷ್ಟರಲ್ಲಿ ಅಕ್ಕಿಹೆಬ್ಬಾಳಿನ ಕ್ಯಾನುಗಳು ಬಿಸಿಲಲ್ಲಿ ಕಾದು ಹಾಲು ಒಡೆಯಿತು. ನಮ್ಮೂರಿನದೇ. ನಮ್ಮನೆ ಎಮ್ಮೆಯದೂ ಅದರಲ್ಲಿತ್ತು.

ಮ್ಯಾನೇಜರ್ ಪುಟ್ಟಸ್ವಾಮಿ ಸಾರ್ ಕೂಗಾಡಲಿಲ್ಲ. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಕೈಬರಹಕ್ಕೇ ವಾಪಸ್, ನನ್ನ ಕಾಂಟ್ರ್ಯಾಕ್ಟೂ ಅಲ್ಲಿಗೆ ಮುಗಿಯಿತು ಎಂದರು. ಕೂಗಾಡಿದ್ದರೇ ವಾಸಿಯಿತ್ತು.

ಮಾರ್ಚ್ 11

ಕೆಲಸ ಕೈಗೆ ಹತ್ತುವ ಹೊತ್ತಿಗೆ ಎದ್ದು ಓಡಬೇಕು. ಮಗು ಚಿನ್ನುಗೆ ಇನ್ನೂ ಆರು ತಿಂಗಳು. ಬಾಟಲಿ ಮುಟ್ಟಲ್ಲ, ರಾಗಿ ಸರಿ ಉಗಿಯುತ್ತೆ. ಊರಿಗೆ ಬಸ್ಸು, ಹಾಲೂಡಿಸಿ ಮತ್ತೆ ಬಸ್ಸು. ಬಂದು ಕೂತರೆ ಬೆಳಿಗ್ಗೆ ಯೋಚಿಸಿದ್ದು ಒಂದೂ ನೆನಪಿಲ್ಲ...

ಸಂಜೆ ಅತ್ತೆ ಮುಂದೆ ಬಾಯಿಬಿಟ್ಟೆ, ಕೆಲಸ ಬಿಡ್ತೀನಿ ಅಂತ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಲೇ ಅಂದರು:

“ನೀ ಯಾಕ್ ಎದ್ದೆದ್ದು ಓಡ್ಬತ್ತೀಯೆ ಮಗಾ? ಮಗೀನ ನಾನೇ ಬಸ್ಸಲ್ಲಿ ಎತ್ಗಂಡು ಬತ್ತೀನಿ. ನೀ ಕುಂತಿರೋ ತಾವ್ಕೇ ತಂದ್ಕೊಡ್ತೀನಿ, ಬುಡು.”

ಮಾರ್ಚ್ 15

ಅತ್ತೆ ಬಂದರು. ಕಂಕುಳಲ್ಲಿ ಮಗು, ಕೈಯಲ್ಲಿ ಮುದ್ದೆ–ಸಾರಿನ ಕ್ಯಾರಿಯರ್. ಸ್ಟೋರ್ ರೂಮಲ್ಲಿ ಹಾಲೂಡಿಸುತ್ತಾ ಕೂತಿದ್ದಾಗ ಹೊಳೆಯಿತು — ನನ್ನ ಪರದೆಗಳೂ ಹೀಗೇ ಎದ್ದೆದ್ದು ಓಡುತ್ತಿವೆಯಲ್ಲ, ಒಂದೊಂದೂ ತನ್ನದೇ ಕನೆಕ್ಷನ್ ತರಲು! ಯಾಕೆ ಓಡಬೇಕು? ಪ್ರೋಗ್ರಾಮ್ ಶುರುವಾದಾಗ ಒಂದೇ ಒಂದು ತೆರೆಯುವುದು. ಯಾವ ಪರದೆ ಬಂದರೂ ಅದರ ಕೈಗೆ ಕೊಡುವುದು. ಪರದೆ ತಾನಾಗಿ ಏನೂ ತೆರೆಯಕೂಡದು, ಕೊಟ್ಟದ್ದರಲ್ಲಿ ಕೆಲಸ ಮಾಡಬೇಕು. ಕಂಪ್ಯೂಟರಿಗೊಂದರಂತೆ ಮೂರೇ ಸಾಕು.

ಅತ್ತೆಗೆ ವಿವರಿಸಲು ಹೋದೆ. ಮೊದಲು ಉಣ್ಣು ಎಂದು ಗದರಿಸಿದರು. ಬಿಸಿ ಮುದ್ದೆ ತಿಂದು ಎಷ್ಟು ದಿನವಾಗಿತ್ತು.

ಮಾರ್ಚ್ 19

ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ತೂಕದ ಪರದೆ ಮುಚ್ಚುವಾಗ ಹಳೇ ಚಾಳಿಯಂತೆ ಕನೆಕ್ಷನ್ನನ್ನೂ ಮುಚ್ಚಿತು. ಪಕ್ಕದ ಫ್ಯಾಟ್ ಪರದೆ ಅಲ್ಲೇ ಸತ್ತಿತು. ಇಸಕೊಂಡವರು ಮುಚ್ಚಬಾರದು, ತೆರೆದವರೇ ಮುಚ್ಚಬೇಕು. ಪ್ರತಿ ಪರದೆಯಲ್ಲೂ ಆ ಸಾಲು ಹುಡುಕಿ ಕಿತ್ತೆ. ಪುಣ್ಯಕ್ಕೆ ಬರೀ ಪರೀಕ್ಷೆ, ಹಾಲಿರಲಿಲ್ಲ.

ಮಾರ್ಚ್ 29

ನಿಲ್ಲಲಿಲ್ಲ! ಬೆಳಗಿನ ಹಾಲು ಪೂರ್ತಿ ಇಳಿಯಿತು, ಒಂದು ಕ್ಯಾನೂ ಬಿಸಿಲಿಗೆ ಕಾಯಲಿಲ್ಲ. ತೂಕದ ಸಿದ್ದರಾಜು, ನಿನ್ನ ಪೆಟ್ಟಿಗೆ ಇವತ್ತು ಮುನಿಸಿಕೊಂಡಿಲ್ಲವಾ ಅಕ್ಕಾ ಅಂತ ರೇಗಿಸಿದ. ಪುಟ್ಟಸ್ವಾಮಿ ಸಾರ್ ಇನ್ನೊಂದು ವರ್ಷಕ್ಕೆ ಸಹಿ ಹಾಕಿದರು. ಕಣ್ಣು ತುಂಬಿತು. ದೇವರಿಗೆ ಕೈಮುಗಿದೆ. ಮಧ್ಯಾಹ್ನ ಅತ್ತೆ ಬಸ್ಸಿಳಿಯುವಾಗ ಅವರಿಗೂ ಕೈಮುಗಿಯಬೇಕು ಅನ್ನಿಸಿತು, ನಾಚಿಕೆಯಾಯಿತು.

ಮಾರ್ಚ್ 31

ಸಂಜೆ ಅತ್ತೆಯನ್ನು ಕೂರಿಸಿಕೊಂಡು ಹೇಳಿಯೇಬಿಟ್ಟೆ. ನೀವಿಲ್ಲದಿದ್ದರೆ ಈ ಕೆಲಸ ಉಳಿಯುತ್ತಿರಲಿಲ್ಲ. ಇನ್ನು ಆತುರವಿಲ್ಲ, ನಾಳೆಯಿಂದ ಮಧ್ಯಾಹ್ನ ನಾನೇ ಬಂದು ಹೋಗುತ್ತೇನೆ, ಈ ಬಿಸಿಲಲ್ಲಿ ನೀವು ಬಸ್ಸು ಹತ್ತುವುದು ಬೇಡ ಎಂದೆ.

ಮಗುವಿನ ಕಾಲು ನೀವುತ್ತಾ ಕೂತರು. ಆಮೇಲೆ ಮೆಲ್ಲಗೆ:

“ಈ ಮನೆ ಸೇರ್ದಾಗಿಂದ ನಾನಾಗಿ ಒಂದ್ಸಲಾನೂ ಬಸ್ಸತ್ತಿರ್ನಿಲ್ಲ ಕಣವ್ವ. ಅಲ್ಲಿ ಇಳುದ್ರೆ ಬನ್ರಮ್ಮ ಅಂತ ಕುರ್ಚಿ ಆಕ್ತಾರೆ, ಟೀ ಕೊಡ್ತಾರೆ. ಬರ್ಬ್ಯಾಡ ಅನ್ಬ್ಯಾಡ.”

ಇಷ್ಟು ದಿನ ನನಗೋಸ್ಕರ ಕಷ್ಟಪಡುತ್ತಿದ್ದಾರೆ ಅಂದುಕೊಂಡು, ಆ ಋಣ ಹೇಗೆ ತೀರಿಸಲಿ ಅಂತ ನಾನು ಒದ್ದಾಡುತ್ತಿದ್ದೆ. ನಾಳೆಯೂ ನೀವೇ ಬನ್ನಿ ಅತ್ತೆ ಎಂದೆ.