ಒಂದೇ ಗೇರಿನ ಸೈಕಲ್ಲು ಮಾರಾಟಕ್ಕಿಲ್ಲ

ಬೈಂಡಿಂಗ್ ಮನೆಯ ಮಹಡಿ
ನವೆಂಬರ್ ೪, ಮಂಗಳವಾರ ಬೆಳಗ್ಗೆ

ಪ್ರೀತಿಯ ತಮ್ಮನಿಗೆ, ಅಕ್ಕನಿಂದ ಆಶೀರ್ವಾದ. ಅದರ ಬೆನ್ನಿಗೇ ಒಂದಿಷ್ಟು ಬೈಗುಳ.

ಹೇಗಿದ್ದೀಯ? ಈ ಪ್ರಶ್ನೆಗೆ ‘ಇದ್ದೇನೆ’ ಎಂದು ಒಂದೇ ಪದ ಗೀಚಿ ಕಳಿಸಬೇಡ, ಬಿಡಿಸಿ ಬರೆ. ಎದೆಯ ಮೇಲಿನ ಹೊಲಿಗೆ ಪೂರ್ತಿ ಮಾಗಿದೆಯೇ? ಆಪರೇಷನ್ ಆದ ವಾರ ನಾನು ನೋಡಿದಾಗ ಅದು ಕೆಳಗಡೆ ಸ್ವಲ್ಪ ಓರೆಯಾಗಿತ್ತು. ನಮ್ಮಲ್ಲಿ ಯಾರಾದರೂ ರಿಜಿಸ್ಟರನ್ನು ಹಾಗೆ ಹೊಲಿದಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದೆ. ಡಾಕ್ಟರಿಗೆ ಹೇಳಲು ಬಾಯಿ ತೆರೆದವಳು, ನಿನ್ನ ಮುಖ ನೋಡಿ ಹೊದಿಕೆ ಸರಿಮಾಡಿದೆ. ಕಾಲಿನ ಬಾವು ಇಳಿಯಿತೇ? ಉಪ್ಪು ಕಡಿಮೆ ಮಾಡಿದ್ದೀಯೋ, ಅಥವಾ ಸೊಸೆಯ ಕಣ್ಣು ತಪ್ಪಿಸಿ ಹಾಕಿಕೊಳ್ಳುತ್ತೀಯೋ? ಇಲ್ಲಿ ಶಾಲೆಗಳ ಕೆಲಸ ಒಟ್ಟಿಗೆ ಬಂದು ಬಿದ್ದಿದೆ. ಮಗಳು, ಅಳಿಯ ಮುಂದಿನ ಅಂಗಡಿ ನೋಡಿಕೊಳ್ಳುತ್ತಾರೆ. ನಾನೂ ಹೊಲಿಗೆ ಕೆಲಸದ ಆ ಮೂವರು ಹೆಂಗಸರೂ ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿಸಿದ ತಲೆ ಎತ್ತುವುದಿಲ್ಲ. ಅಂಟಿನ ಡಬ್ಬಿ ಕಾಯುವಾಗ ಬರುವ ವಾಸನೆಗೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದವನು ನೀನೊಬ್ಬನೇ. ನೀನು ಮಗನ ಮನೆ ಸೇರಿದ ಮೇಲೆ ಆ ಬಾಗಿಲಲ್ಲಿ ಯಾರೂ ನಿಲ್ಲುವುದಿಲ್ಲ. ಗಾಳಿ ಚೆನ್ನಾಗಿ ಬರುತ್ತದೆ.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಕಾಗದ ಎನ್ನಬೇಕೋ ಚೀಟಿ ಎನ್ನಬೇಕೋ. ‘ನನ್ನದು ಮುಗೀತು ಅಕ್ಕಾ. ನಿನ್ನಲ್ಲಿ ಬಿಟ್ಟು ಬಂದ ಸೈಕಲ್ ಮಾರಿಬಿಡು. ಯಾರಿಗಾದರೂ ಉಪಯೋಗಕ್ಕೆ ಬರಲಿ.’ ಇಷ್ಟೇ. ಐವತ್ತೇಳು ವರ್ಷದ ಗಂಡಸು ಬರೆಯುವ ಮಾತೇ ಇದು? ನಿನ್ನ ಸೊಸೆ ಫೋನಿನಲ್ಲಿ ಹೇಳಿದಳು: ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅಷ್ಟೇ ನಿನ್ನ ಪ್ರಯಾಣವಂತೆ. ಡಾಕ್ಟರು ದಿನಕ್ಕೆರಡು ಸಲ ನಡೆಯಲು ಹೇಳಿದ್ದರೂ ನಾಲ್ಕು ತಿಂಗಳಿಂದ ಮನೆಯ ಮೆಟ್ಟಿಲು ಇಳಿದಿಲ್ಲವಂತೆ. ಊಟದ ತಟ್ಟೆ ಇದ್ದಲ್ಲಿಗೇ ಬರುತ್ತದಂತೆ. ಅವಳು ಚಾಡಿ ಹೇಳಲಿಲ್ಲ, ಹೇಳುತ್ತ ಅತ್ತಳು. ನಾನು ಅಳುವವಳಲ್ಲ ಎಂದು ನಿನಗೆ ಗೊತ್ತು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ನಿನಗೆ ಒಂಬತ್ತು, ನನಗೆ ಹದಿನಾರು. ಹೈಸ್ಕೂಲಿನ ಕೊನೆಯ ಪರೀಕ್ಷೆ ಬರೆದ ಮರುದಿನವೇ ಇದೇ ಕೋಣೆಯಲ್ಲಿ ಸೂಜಿ ಹಿಡಿದು ಕೂತೆ. ಅವತ್ತೂ ನಾನು ಅಳಲಿಲ್ಲ. ನನ್ನ ಲಂಗದ ಅಂಚು ಹಿಡಿದುಕೊಂಡು ನೀನು ನನ್ನ ಪಾಲಿನದನ್ನೂ ಸೇರಿಸಿ ಅತ್ತೆ.

ಇರಲಿ. ಮಾರು ಎಂದೆ, ಮಾರಲು ಹೊರಟೆ. ಅಂಗಡಿಯ ಗಾಜಿಗೆ ಚೀಟಿ ಅಂಟಿಸಿದೆ. ಮೂರನೆಯ ದಿನ ಶಾಲೆಯ ಡ್ರಾಯಿಂಗ್ ಟೀಚರ್ ಬಂದಳು. ಸೈಕಲ್ಲಿನ ಸುತ್ತ ಎರಡು ಸುತ್ತು ಹಾಕಿದಳು, ದಪ್ಪ ಟೈರು ಅಮುಕಿ ನೋಡಿದಳು, ಆಮೇಲೆ ಬಗ್ಗಿ ಹಿಂದಿನ ಚಕ್ರ ನೋಡಿ, ‘ಮೌಂಟನ್ ಬೈಕು ಅಂತೀರಿ, ಇದರ ಗೇರೆಲ್ಲ ಎಲ್ಲಿ ಹೋಯ್ತು?’ ಎಂದಳು. ನಾನೂ ಬಗ್ಗಿ ನೋಡಿದೆ. ಮುಂದೆ ಒಂದು ಹಲ್ಲುಚಕ್ರ, ಹಿಂದೆ ಒಂದು ಹಲ್ಲುಚಕ್ರ, ನಡುವೆ ಒಂದು ಚೈನು. ಬೇರೇನೂ ಇಲ್ಲ. ಅವಳು ಮುಖ ಒಂದು ಥರ ಮಾಡಿಕೊಂಡು ಹೋದಳು. ನನಗೆ ಮೈ ಉರಿಯಿತು. ಎಂಟು ವರ್ಷದಿಂದ ನೀನು ಇದನ್ನು ತುಳಿದುಕೊಂಡು ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಹೋಗಿ ವಾಲ್ವು ತಿರುಗಿಸಿ ಬರುತ್ತಿದ್ದವನು. ನನ್ನ ತಮ್ಮನಿಗೆ ಯಾರೋ ಅರ್ಧ ಸೈಕಲ್ಲು ಮಾರಿ ಟೋಪಿ ಹಾಕಿದ್ದಾರೆ, ಇವನು ಗೊತ್ತಾಗದೆ ಎದೆಯೊಡೆಯುವಷ್ಟು ತುಳಿದಿದ್ದಾನೆ, ಅದಕ್ಕೇ ಹೀಗಾಯಿತು ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಗೇರು ಹಾಕಿಸಿದರೆ ತುಳಿಯುವುದು ಹಗುರ, ಹಗುರವಾದರೆ ನಿನಗೆ ಮತ್ತೆ ಹತ್ತುವ ಮನಸ್ಸಾದೀತು ಎಂಬ ಲೆಕ್ಕಾಚಾರವೂ ಒಳಗೇ ನಡೆದಿತ್ತು. ಆ ಸಂಜೆಯೇ ಚೀಟಿ ಕಿತ್ತೆ.

ಸೈಕಲ್ಲನ್ನು ಮೌನಿಯ ಅಂಗಡಿಗೆ ತಳ್ಳಿಕೊಂಡು ಹೋದೆ. ಬಾಯಿ ಮುಚ್ಚಲು ಬಾರದ ಆ ರಿಪೇರಿಯವನಿಗೆ ಈ ಹೆಸರಿಟ್ಟ ಪುಣ್ಯಾತ್ಮ ನೀನೇ. ಅವನು ಸೈಕಲ್ ನೋಡಿದ್ದೇ ನಿನ್ನ ಆರೋಗ್ಯ, ಮಗ, ಮೊಮ್ಮಗಳು ಎಲ್ಲ ವಿಚಾರಿಸಿದ. ಗೇರು ಹಾಕು ಎಂದೆ. ‘ಅಮ್ಮಾವ್ರೇ, ಇದು ಸಿಂಗಲ್ ಸ್ಪೀಡು. ಇರೋದೇ ಹೀಗೆ. ಅವರು ಬೇಕು ಬೇಕು ಅಂತಲೇ...’ ಎಂದು ಶುರು ಮಾಡಿದ. ನಾನು, ‘ಕೆಲಸ ಮಾಡು, ಪುರಾಣ ಬೇಡ’ ಎಂದೆ. ಅವನು ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿದ. ಮುಚ್ಚಬಾರದಾಗಿದ್ದ ಹೊತ್ತಿನಲ್ಲಿ ಮುಚ್ಚಿಸಿದವಳು ನಾನು. ಫ್ರೇಮಿನಲ್ಲಿ ಚೈನು ಸರಿಸುವ ಗೇರಿನ ತೋಳು ಕೂರಿಸುವ ಜಾಗವೇ ಇರಲಿಲ್ಲ. ನನಗೆ ಹೆದರಿ ಕಬ್ಬಿಣದ ಒಂದು ಪಟ್ಟಿ ಕತ್ತರಿಸಿ, ಬೋಲ್ಟು ಹಾಕಿ, ಅದಕ್ಕೆ ತೋಳು ನೇತುಹಾಕಿದ. ಏಳು ಗೇರು. ಅದನ್ನು ನೋಡಿ ನಾನು ಬೀಗಿದ್ದೇನು!

ಪರೀಕ್ಷೆ ಮಾಡದೆ ಯಾವ ಕೆಲಸವನ್ನೂ ನಾನು ಒಪ್ಪಿಸಿದವಳಲ್ಲ. ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲು ತುಳಿದ ಕಾಲು ಇವು, ಮರೆತಿರಲಿಲ್ಲ. ಮಗಳ ಹಳೆಯ ಪ್ಯಾಂಟು ತೊಟ್ಟು, ಬೆಳಗ್ಗೆ ಬೀದಿಯಲ್ಲಿ ಜನ ಕಡಿಮೆ ಇರುವಾಗ ಹೊರಟೆ. ನಗಬೇಡ. ಅಳಿಯ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದ, ಅಷ್ಟು ಸಾಕು. ಗುಡ್ಡದ ರಸ್ತೆಯ ಬುಡದಲ್ಲಿ ಗೇರು ಬದಲಿಸಿದೆ ನೋಡು, ಕಟಕಟ ಎಂದು ಏನೋ ಅಗಿದ ಸದ್ದು. ಚೈನು ಹಾರಿತು, ಕಬ್ಬಿಣದ ಪಟ್ಟಿ ಬಾಗಿ ತೋಳು ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಂಡಿತು. ನಾನು ಬೀಳಲಿಲ್ಲ, ಬೇಲಿಗೆ ಒರಗಿದೆ. ಮೊಣಕೈ ತರಚಿತು, ಅಷ್ಟೇ. ಹಿಂದಿನ ಚಕ್ರ ಎತ್ತಿ ಹಿಡಿದು ಮೌನಿಯ ಅಂಗಡಿಯವರೆಗೆ ನಡೆದೆ. ದಾರಿಯುದ್ದಕ್ಕೂ ಒಬ್ಬರೂ ಏನೂ ಕೇಳಲಿಲ್ಲ. ನನ್ನ ಮುಖ ಹಾಗಿತ್ತೇನೋ.

ಮೌನಿ ಅದನ್ನು ತಲೆಕೆಳಗೆ ನಿಲ್ಲಿಸಿ ಎಲ್ಲ ಬಿಚ್ಚಿದ. ‘ಇಲ್ಲಿ ನೋಡಿ’ ಎಂದು ಹಿಂದಿನ ಚಕ್ರ ಕೂರುವ ಸೀಳಿನ ಪಕ್ಕ ಬೆರಳಿಟ್ಟ. ಮೊಳೆಯಿಂದ ಗೀರಿದ ಸಣ್ಣ ಸಣ್ಣ ಗೀಟುಗಳು, ಒಂದರ ಹಿಂದೆ ಒಂದು, ಕೂದಲೆಳೆಯಷ್ಟು ಅಂತರದಲ್ಲಿ. ಚೈನು ಸವೆದು ಸಡಿಲವಾದಾಗೆಲ್ಲ ನೀನು ಚಕ್ರವನ್ನು ಅಷ್ಟೇ ಅಷ್ಟು ಹಿಂದಕ್ಕೆಳೆದು ಗುರುತು ಮಾಡುತ್ತಿದ್ದೆಯಂತೆ. ‘ನನ್ನ ಕೈಲಿ ಒಂದಿನವೂ ಬಿಗಿ ಮಾಡಿಸಲಿಲ್ಲ ಅಮ್ಮಾವ್ರೇ. ಬರೋರು, ಪಾನಾ ತಗೊಳ್ಳೋರು, ಅವರೇ ಮಾಡ್ಕೊಂಡು ಹೋಗೋರು. ಕೆಸರಲ್ಲಿ ಗೇರು ಕಟ್ಕೊಳ್ಳುತ್ತೆ, ಇದರಲ್ಲಿ ಕೆಡೋಕೇ ಏನೂ ಇಲ್ಲ ಅನ್ನೋರು’ ಎಂದ. ಚೈನನ್ನು ಬೆರಳಿನಿಂದ ಒತ್ತಿ ತೋರಿಸಿದ. ತೀರ ಬಿಗಿಯಾದರೆ ಚಕ್ರದ ಒಳಗಿನ ಗುಂಡುಗಳು ಸವೆಯುತ್ತವೆ, ಸಡಿಲವಾದರೆ ಚೈನು ಹಾರುತ್ತದೆ. ಅದು ನನಗೆ ಹೇಳಿಕೊಡಬೇಕಾದ ಪಾಠವಲ್ಲ. ದಾರ ಬಿಗಿಯಾದರೆ ಹಾಳೆ ಹರಿಯುತ್ತದೆ, ಸಡಿಲವಾದರೆ ಪುಸ್ತಕ ಬಾಯಿ ಬಿಡುತ್ತದೆ. ನಲವತ್ತೆಂಟು ವರ್ಷದಿಂದ ನಾನು ಬೆರಳಿನಲ್ಲಿ ನೋಡುತ್ತಿರುವುದೂ ಅದನ್ನೇ. ನಿನಗೆ ಅದು ಬರುತ್ತದೆಂದು ಗೊತ್ತಿರಲಿಲ್ಲ. ಕೊನೆಯ ಗೀಟಿಗೆ ಸರಿಯಾಗಿ ಚಕ್ರ ಕೂರಿಸಿದೆವು. ಬಿಗಿ ಮಾಡಿದ್ದು ನಾನು. ಬೋಲ್ಟು ಹೊಡೆದ ಎರಡು ತೂತು ಮಾತ್ರ ಹಾಗೇ ಇವೆ. ಅದು ನನ್ನ ತಪ್ಪು. ಈ ಮಾತನ್ನು ನಾನು ಎಷ್ಟು ಸಲ ಬರೆದಿದ್ದೇನೆ ಎಂದು ಎಣಿಸಿ ನೋಡು.

ಆಮೇಲೆ ಮೂರು ವಾರ ದಿನಾ ತುಳಿದೆ. ನಿನ್ನ ಸೈಕಲ್ಲಿನ ಗುಣ ಈಗ ನನಗೂ ಗೊತ್ತು. ಸದ್ದಿಲ್ಲ, ಟೈರು ಮಣ್ಣಿಗೆ ಉಜ್ಜುವುದೊಂದೇ ಕೇಳುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಎಷ್ಟು ತುಳಿದರೂ ಒಂದು ಮಿತಿ ದಾಟಿ ಓಡುವುದಿಲ್ಲ, ಕಾಲು ಮಾತ್ರ ಮೊಸರು ಕಡೆದ ಹಾಗೆ ತಿರುಗುತ್ತದೆ. ಶಾಲೆಯ ಹುಡುಗಿಯರು ಬೆಲ್ಲು ಹೊಡೆದು, ‘ಅಜ್ಜೀ, ಪಕ್ಕಕ್ಕೆ’ ಎಂದು ಹಿಂದೆ ಹಾಕಿ ಹೋಗುತ್ತಾರೆ. ನನ್ನನ್ನು ಪಕ್ಕಕ್ಕೆ ಎಂದವರು ಈ ಬೀದಿಯಲ್ಲಿ ಇಲ್ಲಿಯವರೆಗೆ ಇರಲಿಲ್ಲ. ಏರಿನಲ್ಲಿ ಸೀಟು ಬಿಟ್ಟು ಎದ್ದು ನಿಂತು ತುಳಿಯಬೇಕು. ಮುಂದೆ ಏನು ಬದಲಿಸಲಿ ಎಂದು ಯೋಚಿಸುವ ಕೆಲಸವೇ ಇಲ್ಲ, ಆ ಒಂದು ಸುಖ ನಿಜ.

ಮೊನ್ನೆ ಮೊನ್ನೆಯವರೆಗೂ ಟ್ಯಾಂಕಿನ ಗುಡ್ಡಕ್ಕೆ ಹೋಗಿರಲಿಲ್ಲ. ನೀನು ಹತ್ತಿದ ಏರು ನಾನು ಹತ್ತದಿರುವುದೇ ಎಂದು ಒಂದು ದಿನ ಹಲ್ಲು ಕಚ್ಚಿ ಹೊರಟೆ. ತಂತಿ ಬೇಲಿ ಶುರುವಾಗುವಲ್ಲಿ ಪೆಡಲು ನಿಂತೇ ಹೋಯಿತು. ಇಳಿದೆ. ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದರೆ ಟ್ಯಾಂಕಿನ ಕಾವಲುಗಾರ ಬುತ್ತಿ ಹಿಡಿದುಕೊಂಡು ಹಿಂದೆಯೇ ಬರುತ್ತಿದ್ದ. ಸೈಕಲ್ಲಿನ ಗುರುತು ಹಿಡಿದ. ನಾನು ಸಮಜಾಯಿಷಿ ಹೇಳಲು ಹೊರಟರೆ ಅವನು ಸಹಜವಾಗಿ ಹೇಳಿದ: ‘ನಿಮ್ಮ ತಮ್ಮನೂ ಇಲ್ಲೇ ಇಳಿಯೋರು. ತಳ್ಕೊಂಡು ಮಾತಾಡ್ತಾ ಬರೋರು, ಆ ತಿರುವಲ್ಲಿ ಮತ್ತೆ ಹತ್ತೋರು.’ ದಿನಾನೂ? ಎಂದೆ. ದಿನಾನೂ ಎಂದ.

ನೀನು ಒಂದೇ ಉಸಿರಿಗೆ ಗುಡ್ಡ ಹತ್ತುತ್ತೀಯ ಎಂದು ನಾನು ಎಂಟು ವರ್ಷ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ನೀನು ಹಾಗೆಂದು ಒಂದು ದಿನವೂ ಹೇಳಿರಲಿಲ್ಲ, ಅದೂ ನಿಜ. ಅವನ ಜೊತೆ ಸೈಕಲ್ ತಳ್ಳಿಕೊಂಡು ತಿರುವಿನವರೆಗೆ ನಡೆದೆ. ಅಷ್ಟು ದೂರ ನನಗೆ ಒಂದೇ ಯೋಚನೆ. ದಿನಾ ಇಳಿದವನು ನೀನು. ಇಳಿದ ಯಾವ ದಿನವೂ ‘ಮುಗೀತು’ ಎಂದು ಸೈಕಲ್ಲನ್ನು ಬೇಲಿಗೆ ಒರಗಿಸಿ ಮನೆಗೆ ಬಂದವನಲ್ಲ. ಈಗೇಕೆ ಬೇಲಿಯ ಹತ್ತಿರವೇ ಕೂತಿದ್ದೀಯ? ಇಳಿದಿದ್ದೀಯ, ಅಷ್ಟೇ. ತಳ್ಳಿಕೊಂಡು ನಡೆ. ತಿರುವು ಎಲ್ಲಿದೆ ಎಂದು ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ, ಆದರೆ ಕುರ್ಚಿಯಲ್ಲಿ ಕೂತರೆ ಅದು ಎದ್ದು ಬರುವುದಿಲ್ಲ.

ಬಾಯಿಮಾತಿಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ಹೋದ ಬುಧವಾರ ನಿನ್ನ ಡಾಕ್ಟರನ್ನೇ ಕಂಡು ಬಂದೆ. ನಿನ್ನ ಫೈಲು ತೆಗೆಸಿದೆ. ಮೊದಲು ನಡಿಗೆ, ಆಮೇಲೆ ತಪಾಸಣೆ, ಅದಾದ ಮೇಲೆ ಸಮತಟ್ಟಿನ ರಸ್ತೆಯಲ್ಲಿ ಸೈಕಲ್ಲಿಗೆ ಅಡ್ಡಿಯಿಲ್ಲ ಎಂದರು. ‘ಅವರ ಹೃದಯ ಚೆನ್ನಾಗೇ ಇದೆ ಅಮ್ಮಾ, ಹೆದರಿರೋದು ಅವರು’ ಎಂದರು. ನನ್ನ ತಮ್ಮ ಹೆದರುವವನಲ್ಲ ಎಂದು ಜೋರು ಮಾಡಿ ಬಂದೆ. ಹೊರಗೆ ಬಂದಮೇಲೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಹೆದರಿದ್ದರೆ ಹೆದರಿಕೊ. ನಡೆಯುವುದನ್ನು ಮಾತ್ರ ಬಿಡಬೇಡ.

ಹೀಗಾಗಿ ಸೈಕಲ್ಲು ಮಾರುವುದಿಲ್ಲ. ಅದು ಹಿಂದಿನ ಕೋಣೆಯಲ್ಲಿ ರಟ್ಟಿನ ಕಟ್ಟುಗಳ ಪಕ್ಕ ಇದೆ. ಚೈನಿಗೆ ಎಣ್ಣೆ ಬಿಟ್ಟು ಬಟ್ಟೆಯಲ್ಲಿ ಒರೆಸಿದ್ದೇನೆ. ಮಗನಿಗೂ ಸೊಸೆಗೂ ನನ್ನ ಆಶೀರ್ವಾದ ಹೇಳು. ಅಳಬೇಡ ಎಂದು ಅವಳಿಗೆ ಹೇಳು, ಅವಳು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. ಮೊಮ್ಮಗಳ ಗಲ್ಲ ಹಿಂಡು. ನಿನ್ನ ಆಯಸ್ಸು ಗಟ್ಟಿಯಾಗಿರಲಿ, ಕಾಲು ಅದಕ್ಕಿಂತ ಗಟ್ಟಿಯಾಗಿರಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಅವಸರದಲ್ಲಿ ಬರೆಯುತ್ತಿದ್ದೇನೆ, ಮಗಳು ಮೆಟ್ಟಿಲು ಹತ್ತುವ ಸದ್ದಾಗುತ್ತಿದೆ, ಅವಳಿಗೆ ಇದು ಗೊತ್ತಿಲ್ಲ. ಬುಧವಾರ ಡಾಕ್ಟರು ನಿನ್ನ ಫೈಲು ಮುಚ್ಚಿ ನನ್ನ ಕೈ ಹಿಡಿದು ನಾಡಿ ನೋಡಿದರು. ಏರಿನಲ್ಲಿ ಎಡಗೈ ಜೋಮು ಹಿಡಿಯುತ್ತದೆಯೇ ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ. ಅಲ್ಲೇ ಇಸಿಜಿ ಪಟ್ಟಿ ತೆಗೆದು ನೋಡಿದರು. ಈ ಹದಿನೆಂಟಕ್ಕೆ, ಮುಂದಿನದಲ್ಲ ಅದರ ಮುಂದಿನ ಮಂಗಳವಾರ, ಆಂಜಿಯೋಗ್ರಾಂ. ಅಲ್ಲಿಯವರೆಗೆ ನಾನೂ ಸೈಕಲ್ಲು ಮುಟ್ಟುವಂತಿಲ್ಲ. ಕೌಂಟರಿನ ಹುಡುಗಿ ಫಾರಂ ಕೊಟ್ಟು, ಜೊತೆಗೆ ಬರುವವರ ಹೆಸರು ಬರೆಯಿರಿ ಎಂದಳು. ಮಗಳ ಹೆಸರು ಬರೆಯಲು ಪೆನ್ನು ಎತ್ತಿದೆ, ಬರೆದದ್ದು ನಿನ್ನ ಹೆಸರು. ಸಂಬಂಧ ಎಂಬಲ್ಲಿ ತಮ್ಮ ಎಂದು ಬರೆದೆ. ನನಗೆ ಹೆದರಿಕೆಯಾಗಿದೆ ಕಣೋ. ವಾರ್ಡು ಎರಡನೆಯ ಮಹಡಿಯಲ್ಲಿದೆ, ಲಿಫ್ಟು ಸ್ಟ್ರೆಚರಿಗೆ ಮಾತ್ರ. ಮೂವತ್ತೆಂಟು ಮೆಟ್ಟಿಲು, ಎಣಿಸಿ ಬಂದಿದ್ದೇನೆ. ಎರಡು ವಾರ ಸಮಯವಿದೆ. ಈ ಕಾಗದ ತಲುಪಿದ ಸಂಜೆಯೇ ನಿಮ್ಮ ಮನೆಯ ಮೆಟ್ಟಿಲು ಇಳಿದು ಶುರು ಮಾಡು.